ಬೂದಿ ಮುಚ್ಚಿದ ಕೆಂಡ

ಮಾಘಮಾಸದ ಒಂದು ರಾತ್ರಿ. ಕೆಂಗೇರಿಯ ಕಡೆಯ ವಿದ್ಯಾರ್ಥಿನಿಲಯವೊಂದರಲ್ಲಿ ಊಟ ಮುಗಿದಿತ್ತು. ಅಡುಗೆಮನೆಯ ಸೌದೆಯೊಲೆಯ ಕೆಂಡಗಳನ್ನು ಬೂದಿ ಮುಚ್ಚಿತ್ತು. ವಿಜ್ಞಾನದ ಮೇಷ್ಟ್ರು ದೀಪವಾರಿಸಿ, “ಏನು ಕಾಣುತ್ತದೆ?” ಎಂದು ಕೇಳಿದರು.

“ಏನೂ ಇಲ್ಲ, ಸಾರ್.”

“ಕೈ ಚಾಚಿ ನೋಡು.”

ಹುಡುಗನ ಅಂಗೈಗೆ ಕಾವು ತಾಗಿತು. ಕಣ್ಣಿಗೆ ಕಾಣದ, ಚರ್ಮಕ್ಕೆ ತಿಳಿಯುವ ಆ ಬೆಳಕೇ ಅವಕೆಂಪು ಕಿರಣ.

ಇಬ್ಬರೂ ಮಾಳಿಗೆಯನ್ನೇರಿದರು. ನೆತ್ತಿಯ ಸಮೀಪದಲ್ಲಿ ಮಹಾವ್ಯಾಧನೂ ಮಿಥುನವೂ ಬೆಳಗುತ್ತಿದ್ದವು. ಮೇಷ್ಟ್ರು ವಿವರಿಸಿದರು: ಹುಟ್ಟುತ್ತಿರುವ ಭಾರಿ ನಕ್ಷತ್ರವೂ ಬೂದಿ ಮುಚ್ಚಿದ ಕೆಂಡದಂತೆಯೇ ಅನಿಲ ಮತ್ತು ಧೂಳಿನ ಮುಸುಕಿನಲ್ಲಿ ಅಡಗಿರುತ್ತದೆ. ಅದರ ಬೆಳಕನ್ನು ಹೀರಿದ ಧೂಳು ಕಾದು, ಅವಕೆಂಪು ಕಿರಣವನ್ನು ಸೂಸುತ್ತದೆ. ಆ ಕಿರಣವನ್ನು ಹೀರಿದ ಮೆಥನಾಲ್ ಅಣುಗಳು ಉನ್ನತ ಶಕ್ತಿಸ್ತರಕ್ಕೇರಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಇಳಿಯುವಾಗ ಒಂದು ಮೆಟ್ಟಿಲಿನಲ್ಲಿ, ಅದರ ಕೆಳಗಿನದಕ್ಕಿಂತ ಹೆಚ್ಚು ಅಣುಗಳು ನೆರೆಯುತ್ತವೆ. ಆಗ ಹಾದುಹೋಗುವ 6.7 ಗಿಗಾಹರ್ಟ್ಸ್ ರೇಡಿಯೋ ಅಲೆಯು ಅವುಗಳನ್ನು ಕೆಳಗಿಳಿಸುತ್ತ, ಪ್ರತಿ ಇಳಿತದಿಂದಲೂ ತನ್ನಂಥದೇ ಅಲೆಯನ್ನು ಪಡೆದು ಪ್ರಬಲವಾಗುತ್ತದೆ. ಇದೇ ಮೇಸರ್. ಈ ಮೆಥನಾಲ್ ಮೇಸರನ್ನು 1991ರಲ್ಲಿ ಕಾರ್ಲ್ ಮೆಂಟೆನ್ ಕಂಡುಹಿಡಿದರು.

ಹುಡುಗನಿಗೆ ಸಂಶಯ ಬಿಡಲಿಲ್ಲ. “ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದೂ ಮೇಲೇರಬಹುದಲ್ಲವೇ, ಸಾರ್? ಕಿರಣದ್ದೇ ಕೆಲಸವೆಂದು ಹೇಗೆ ತಿಳಿಯಿತು?”

ಮೇಷ್ಟ್ರು ಸಂತೋಷಪಟ್ಟರು. ನೀರಿನ ಅಣುವಿನ ಮೇಸರ್‌ಗಳಿಗೆ ಡಿಕ್ಕಿಯೇ ಮುಖ್ಯ ಕಾರಣ. ಆದ್ದರಿಂದ ಪ್ರಶ್ನೆ ನ್ಯಾಯವಾದುದೇ ಎಂದರು. ಉತ್ತರವನ್ನು ಆಕಾಶವೇ ಕೊಟ್ಟಿತ್ತು. ಅವರು ನೋಡುತ್ತಿದ್ದ ದಿಕ್ಕಿನಲ್ಲಿಯೇ ಎಸ್255 ಎಂಬ ಪ್ರದೇಶವಿದೆ. ಅಲ್ಲಿ ಸೂರ್ಯನ ಸುಮಾರು 20ರಷ್ಟು ದ್ರವ್ಯರಾಶಿಯ ಎಳೆಯ ನಕ್ಷತ್ರವೊಂದಿದೆ. 2015ರಲ್ಲಿ ಅದರ ಮೆಥನಾಲ್ ಮೇಸರ್ ಒಮ್ಮೆಲೇ ಪ್ರಖರವಾಯಿತು. ಖಗೋಳಜ್ಞರು ಅವಕೆಂಪು ದೂರದರ್ಶಕಗಳನ್ನು ಅತ್ತ ತಿರುಗಿಸಿದಾಗ, ನಕ್ಷತ್ರವು ಸುತ್ತಲಿನ ದ್ರವ್ಯವನ್ನು ನುಂಗಿ ಅವಕೆಂಪಿನಲ್ಲಿಯೂ ಬಹಳವಾಗಿ ಬೆಳಗಿದ್ದುದು ಕಂಡಿತು. ಮುಂದೆ ಆ ಬೆಳಕು ಕುಂದಿತು, ಮೇಸರೂ ಕುಂದಿತು.

ಇಂಥ ಅಣುಗಳ ದನಿಯನ್ನಾಲಿಸುವ ವಿದ್ಯೆ ಬೆಂಗಳೂರಿಗೂ ಹೊಸದಲ್ಲ. ರಾಜಾಜಿನಗರಕ್ಕೆ ಬಹುದೂರವಲ್ಲದ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, 1980ರ ದಶಕದಲ್ಲಿಯೇ 10.4 ಮೀಟರ್ ವ್ಯಾಸದ ಮಿಲಿಮೀಟರ್-ಅಲೆ ದೂರದರ್ಶಕವು ಅಂತರಿಕ್ಷದ ಅಣುಗಳ ಸಂಕೇತಗಳನ್ನು ಹಿಡಿಯುತ್ತಿತ್ತು.

ಮರುದಿನ ನಸುಕಿನಲ್ಲಿ ಅಡುಗೆಯ ಅಜ್ಜಿ ಬೂದಿಯನ್ನು ಕೆದಕಿ, ಕೊರಡೊಂದನ್ನಿಟ್ಟು ಊದಿದರು. ತುಸು ಹೊತ್ತಿನಲ್ಲಿ ಹಂಡೆಯ ನೀರು ಗುನುಗತೊಡಗಿತು. ಹೊರಗಿನ ಜಗಲಿಯಲ್ಲಿ ಓದುತ್ತಿದ್ದ ಹುಡುಗನಿಗೆ ಒಲೆ ಕಾಣುತ್ತಿರಲಿಲ್ಲ, ಆದರೂ ಪುಸ್ತಕದಿಂದ ತಲೆಯೆತ್ತಿ, “ಅಜ್ಜಿ, ಒಲೆ ಹೊತ್ತಿತಲ್ಲವೇ?” ಎಂದ.