ಊರು ಬಾರದ ಸವಾರಿ

ವಾಹನವೆಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯುವ ಸಾಧನವೆಂದು ನಾವೆಲ್ಲರೂ ನಂಬಿ ಬಂದವರು. ಈ ನಂಬಿಕೆಗೆ ಅಪವಾದವೊಂದು ಸಿಂಗಟಾಲೂರಿನ ನಮ್ಮ ಪಡಸಾಲೆಯಲ್ಲಿ ಎರಡು ವರ್ಷಗಳಿಂದ ನಿಂತಿದೆ. ಸೈಕಲ್ಲಿನ ಹಿಂದಿನ ಗಾಲಿಯನ್ನು ಕಳಚಿ, ಸರಪಳಿಯನ್ನು ಕಬ್ಬಿಣದ ಯಂತ್ರವೊಂದಕ್ಕೆ ತೊಡಿಸಿದ್ದಾರೆ. ಇದಕ್ಕೆ ಟ್ರೈನರ್ ಎಂದು ಹೆಸರು. ಒಳಗೊಂದು ಭಾರವಾದ ಚಕ್ರ. ಅದು ತಿರುಗಿದಂತೆಲ್ಲ ಆಯಸ್ಕಾಂತದ ಬಲ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಏರುದಾರಿ ಬೇಕಾದರೆ ಜಗ್ಗು ಹೆಚ್ಚು, ಇಳಿಜಾರು ಬೇಕಾದರೆ ಕಡಿಮೆ. ಒಂದು ತಾಸು ತುಳಿದರೆ ಇಪ್ಪತ್ತು ಕಿಲೋಮೀಟರಿನ ಲೆಕ್ಕ ತೋರಿಸುತ್ತದೆ. ಕಾಲೂರುವುದು ಮಾತ್ರ ಹತ್ತಿದ ಹಾಸುಗಲ್ಲಿನ ಮೇಲೆಯೇ.

ಮೊದಲ ದಿನ ನೆರೆಮನೆಯ ರೈತ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. “ಮಾಸ್ತರ, ಇಷ್ಟ ತುಳದ್ರೂ ಯಾವ ಊರೂ ಬರವಲ್ದಲ್ರೀ!” ಎಂದ. ಗಾಣದೆತ್ತು ದಿನವಿಡೀ ನಡೆದರೂ ಊರು ದಾಟುವುದಿಲ್ಲ. ಆದರೂ ಸಂಜೆಗೆ ಎಣ್ಣೆ ಇಳಿಯುತ್ತದೆ. ನನ್ನ ತುಳಿತದಿಂದ ಇಳಿಯಬೇಕಾದುದು ರಕ್ತದೊಳಗಿನ ಸಕ್ಕರೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೈದ್ಯರು ಅದನ್ನೇ ಸ್ವಲ್ಪ ಗಟ್ಟಿ ದನಿಯಲ್ಲಿ ಹೇಳಿದ್ದರು.

ಹೊರಗೆ ದಾರಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಆದರೆ ನಮ್ಮ ಸೀಮೆಯ ಹವೆಯನ್ನು ಬಲ್ಲವರು ಬಲ್ಲರು. ಪಶ್ಚಿಮಘಟ್ಟ ಮಳೆಯನ್ನೆಲ್ಲ ತಾನು ಉಳಿಸಿಕೊಂಡು ಬರಿಯ ಗಾಳಿಯನ್ನು ನಮ್ಮತ್ತ ಅಟ್ಟುತ್ತದೆ. ಕಪ್ಪತಗುಡ್ಡದ ನೆತ್ತಿಯಲ್ಲಿ ವಿದ್ಯುತ್ತಿಗಾಗಿ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಹೊರಟವನಿಗೆ ಪ್ರತಿ ತುಳಿತವೂ ಒಂದು ಜಗಳ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ತಾಸಿಗೆ 20 ಕಿಲೋಮೀಟರು ಹೋಗುವವನ ಎದುರಿಗೆ ಅಷ್ಟೇ ವೇಗದ ಗಾಳಿ ಬೀಸಿದರೆ ತಡೆ ಇಮ್ಮಡಿಯಲ್ಲ, ನಾಲ್ಮಡಿ. ಇನ್ನು ಮಳೆ ಬಂತೆಂದರೆ ಎರೆಮಣ್ಣಿನ ಕಾಟ. ಅದು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಕೊನೆಗೆ ಗಾಲಿ ತಿರುಗದಂತೆ ಮಾಡುತ್ತದೆ. ಆಗ ಸವಾರನೇ ಸೈಕಲ್ಲನ್ನು ಹೊರಬೇಕು.

ಇಷ್ಟಾದರೂ ನಾನು ಹೊರಗೇ ಹೋಗುತ್ತಿದ್ದೆ. ಟ್ರೈನರನ್ನು ತಂದವಳು ಬೆಂಗಳೂರಿನಲ್ಲಿರುವ ಮಗಳು. “ಅಪ್ಪಾ, ಮಳಿಗಾಲದಾಗ ನಿಮಗ ಏನರ ಆದ್ರ, ನಾ ಬರೂದ್ರಾಗ ಬೆಳಗಾಗಿರತೈತ್ರಿ” ಎಂದಳು. ತಾಯಿಲ್ಲದ ಮನೆಯಲ್ಲಿ ತಂದೆ ಒಬ್ಬನೇ ಇದ್ದಾನೆಂಬ ಮಾತನ್ನು ಅವಳು ಆಡಲಿಲ್ಲ. ಆಡದ ಆ ಮಾತಿನ ತೂಕವೇ ಈ ಯಂತ್ರದ ತೂಕ. ಬೇಡವೆಂದು ಹಿಂದಕ್ಕೆ ಕಳಿಸುವುದು ಹೇಗೆ?

ನಿಂತಲ್ಲೇ ತುಳಿಯುವ ಹುಚ್ಚು ಹೊಸತೇನೂ ಅಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿಯೂ ಇಂಥ ಸೈಕಲ್ಲುಗಳಿದ್ದವು. ಸುತ್ತಲೂ ಕಡಲಿದ್ದವರಿಗೆ ಬೇರೆ ದಾರಿಯೂ ಇರಲಿಲ್ಲ. ಇದನ್ನು ಹಗುರಾಗಿ ಕಾಣುವವರು ಮ್ಯಾಥ್ಯೂ ಹೇಮನ್ ಎಂಬ ಆಸ್ಟ್ರೇಲಿಯದ ಸವಾರನ ಕತೆ ಕೇಳಬೇಕು. 2016ರ ಫೆಬ್ರುವರಿಯಲ್ಲಿ ಕೈ ಮುರಿದುಕೊಂಡ ಆತ ವಾರಗಟ್ಟಲೆ ಮನೆಯೊಳಗೆ ಟ್ರೈನರ್ ತುಳಿದ. ಏಪ್ರಿಲಿನಲ್ಲಿ ಕಲ್ಲುಹಾಸಿನ ದಾರಿಗಳಿಗೆ ಕುಖ್ಯಾತವಾದ ಪ್ಯಾರಿಸ್–ರೂಬೇ ಸ್ಪರ್ಧೆಯನ್ನು ಗೆದ್ದ. ಕಾಲಿಗೆ ಬೇಕಾದ ಕಸುವನ್ನು ಕೋಣೆಯೂ ಕೊಡಬಲ್ಲದು.

ಆದರೆ ಕೋಣೆಗೆ ಒಂದು ಕೊರತೆಯುಂಟು. ನಾವು ತುಳಿಯಲು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಕೆಲಸವಾಗುತ್ತದೆ. ಉಳಿದ ಮುಕ್ಕಾಲು ಮೈಯ ಕಾವು. ಹೊರಗೆ ಓಟವೇ ಗಾಳಿ ಬೀಸಿ ಬೆವರನ್ನು ಆರಿಸುತ್ತದೆ. ಒಳಗೆ ಬೀಸುವವರಿಲ್ಲ. ಫ್ಯಾನು ಬೇಕೇ ಬೇಕು. ಫ್ಯಾನಿಗೆ ವಿದ್ಯುತ್ತು ಬೇಕು. ಮಳೆ ಜೋರಾಗಿ ಟ್ರೈನರ್ ನಿಜವಾಗಿ ಬೇಕಾದ ಹೊತ್ತಿಗೇ ನಮ್ಮೂರಿನಲ್ಲಿ ವಿದ್ಯುತ್ತು ಹೋಗುತ್ತದೆ! ಕೆಟ್ಟ ಹವೆಗೆಂದು ತಂದ ಯಂತ್ರ ಒಳ್ಳೆಯ ಹವೆಯಲ್ಲಿ ಮಾತ್ರ ನೆಮ್ಮದಿಯಾಗಿ ನಡೆಯುತ್ತದೆಂಬುದನ್ನು ಮಗಳಿಗೆ ಇನ್ನೂ ಹೇಳಿಲ್ಲ.

ಹೇಳದಿರಲು ಕಾರಣವುಂಟು. ಅವಳೂ ತನ್ನ ಮನೆಯಲ್ಲಿ ಅಂಥದೇ ಯಂತ್ರವನ್ನಿಟ್ಟಿದ್ದಾಳೆ. ಭಾನುವಾರ ಬೆಳಿಗ್ಗೆ ಇಬ್ಬರೂ ಪರದೆಯ ಮೇಲೆ, ಯಾವ ಭೂಪಟದಲ್ಲಿಯೂ ಇಲ್ಲದ ಒಂದು ದ್ವೀಪದ ದಾರಿಯಲ್ಲಿ ಜೊತೆಯಾಗಿ ಹೋಗುತ್ತೇವೆ. ಏರು ಬಂದಾಗ ಅವಳು ಮುಂದೆ ಹೋಗಿ ನಿಧಾನಿಸುತ್ತಾಳೆ. ಚಿಕ್ಕವಳಿದ್ದಾಗ ಅವಳನ್ನು ಮುಂದಿನ ದಂಡೆಯ ಮೇಲೆ ಕೂರಿಸಿಕೊಂಡು ವೀರಭದ್ರೇಶ್ವರನ ಗುಡಿಯತ್ತ ಒಯ್ದವನು ನಾನು; ಈಗ ನನಗಾಗಿ ಕಾಯುವವಳು ಅವಳು. ನೂರಾರು ಕಿಲೋಮೀಟರಿನ ಅಂತರವನ್ನು ಅಳಿಸುವ ಈ ಸುಖವನ್ನು ತುಂಗಭದ್ರೆಯ ದಂಡೆಯ ಯಾವ ದಾರಿಯೂ ನನಗೆ ಕೊಡಲಾರದು.

ಹಾಗೆಂದು ದಾರಿಯನ್ನು ಬಿಡಲಾದೀತೇ? ಕಳೆದ ಆಷಾಢದ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಶಾಲೆ ಮುಗಿಸಿ ಬರುತ್ತಿದ್ದ ಮೂವರು ಹುಡುಗಿಯರು ಸೈಕಲ್ ನಿಲ್ಲಿಸಿಕೊಂಡು ಜಾಲಿಯ ಕಡ್ಡಿಯಿಂದ ಗಾಲಿಯ ಎರೆಮಣ್ಣು ಕೆರೆಯುತ್ತಿದ್ದರು. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಆರಂಭವಾದಾಗ ನಾನು ಪಾಠ ಹೇಳುತ್ತಿದ್ದೆ. ಓದು ಬಿಡಲಿದ್ದ ಎಷ್ಟೋ ಹೆಣ್ಣುಮಕ್ಕಳು ಆ ಎರಡು ಗಾಲಿಗಳ ಮೇಲೆ ಹೈಸ್ಕೂಲಿಗೆ ಬಂದುದನ್ನು ಕಂಡಿದ್ದೇನೆ. ಇಳಿದು ಇನ್ನೊಂದು ಕಡ್ಡಿ ಮುರಿದುಕೊಂಡು ಅವರೊಡನೆ ಕೂತೆ. “ಮಳ್ಯಾಗ ಯಾಕ್ ಬಂದ್ರಿ ಸರ?” ಎಂದು ಒಬ್ಬಳು ಕೇಳಿದಳು. ಬರದೆ ಇರುವ ಆಯ್ಕೆ ಅವಳಿಗಿರಲಿಲ್ಲ; ನನಗಿತ್ತು. ಉತ್ತರ ತೋಚದೆ ಮಣ್ಣು ಕೆರೆದೆ. ನಾಲ್ವರೂ ಸೈಕಲ್ ನೂಕುತ್ತ ಊರು ಸೇರಿದೆವು. ಒಳಗೆ ಕುಳಿತಿದ್ದರೆ ಆ ಸಂಜೆ ನನ್ನ ಪಾಲಿಗೆ ಬರುತ್ತಿರಲಿಲ್ಲ.

ಆದುದರಿಂದ ಮಗಳೊಡನೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಗುಡುಗು ಕೇಳಿದರೆ ಹೊರಗೆ ಹೋಗಕೂಡದು. ಬಯಲುಸೀಮೆಯಲ್ಲಿ ಸೈಕಲ್ ಮೇಲಿನ ಮನುಷ್ಯನೇ ಎಲ್ಲಕ್ಕಿಂತ ಎತ್ತರ, ಸಿಡಿಲಿಗೆ ಅಷ್ಟೇ ಸಾಕು. ಕತ್ತಲೆಯ ಮಳೆಯಲ್ಲಿಯೂ ಬೇಡ. ಗಾಳಿಗೆ ಮಾತ್ರ ರಿಯಾಯಿತಿ ಇಲ್ಲ: ಎದುರು ಗಾಳಿಯೆಂದು ಒಳಗೆ ಕೂರುವವನು ನಮ್ಮ ಸೀಮೆಯಲ್ಲಿ ಮೂರು ತಿಂಗಳು ಒಳಗೇ ಕೂರಬೇಕಾಗುತ್ತದೆ. ಹೊರಗೆ ಹೋದ ದಿನ ಮನೆ ಸೇರಿದೊಡನೆ “ಮುಟ್ಟಿದೆ” ಎಂದು ಸುದ್ದಿ ಕಳಿಸಬೇಕು.

ಕಳಿಸುವುದು ತಡವಾದರೆ ಅವಳೇ ಕರೆ ಮಾಡುತ್ತಾಳೆ. ಈಗ ಅದು ಎಷ್ಟು ರೂಢಿಯಾಗಿದೆಯೆಂದರೆ, ಮೊನ್ನೆ ಭಾನುವಾರ ಪಡಸಾಲೆಯ ಸವಾರಿಯ ನಡುವೆ ವಿದ್ಯುತ್ತು ಹೋಗಿ, ನಾನು ಪರದೆಯ ದ್ವೀಪದಿಂದ ಹಠಾತ್ತನೆ ಮಾಯವಾದಾಗಲೂ ಫೋನು ಮೊಳಗಿತು. “ಅಪ್ಪಾ, ಮುಟ್ಟಿದ್ರೇನ್ರಿ?” ಎಂದಳು. ಬೆವರು ಒರೆಸಿಕೊಳ್ಳುತ್ತ, ಮುಟ್ಟಿದೆ ಎಂದೆ.