ಅಂಕಿತ ಬಿಟ್ಟ ಹಾಡು

ಮೊನ್ನೆ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಅಡಿಕೆ ಸುಲಿಯೋ ರಾತ್ರಿಗಳ ಬಗ್ಗೆ ಒಂದು ಪುಟ್ಟ ಬರಹ ಹಾಕಿದೆ. ಗೆಳೆಯ ಕಳಿಸಿದ್ದು, ಬೇರೆಯವರು ಬರೆದದ್ದು. ಕಾಪಿ ಮಾಡುವಾಗ ಕೊನೇ ಸಾಲು, ಅಂದ್ರೆ ಬರೆದವರ ಹೆಸರು, ಬಿಟ್ಟುಹೋಯ್ತು. ಬೇಕಂತ ಬಿಟ್ಟಿದ್ದಲ್ಲ ಮಾರಾಯ್ರೆ. ಆದರೆ ಚಿಕ್ಕಪ್ಪ "ಎಷ್ಟು ಚೆನ್ನಾಗಿ ಬರ್ದಿದೀಯೋ!" ಅಂದಾಗ ಕೈಮುಗಿಯೋ ಚಿತ್ರ ಕಳಿಸಿದ್ದು ಮಾತ್ರ ಬೇಕಂತಲೇ.

ಅಮ್ಮ ಫೋನ್ ಮಾಡಿ ಕೇಳಿದಳು, "ನೀನ್ಯಾವತ್ತೋ ಅಡಿಕೆ ಸುಲ್ದಿದ್ದು?"

ಆಫೀಸಲ್ಲಿ ಹೀಗೆ ಮಾಡಲ್ಲ ನಾನು. ಎಂಐಟಿ ಲೈಸೆನ್ಸಿನ ಕೋಡನ್ನು ಪುಕ್ಕಟೆ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಕಾಪಿರೈಟ್ ಸಾಲನ್ನೂ ಲೈಸೆನ್ಸನ್ನೂ ಹಾಗೇ ಉಳಿಸಿಕೊಂಡರಾಯ್ತು. ಹೊಸ ಹುಡುಗನೊಬ್ಬ ಅದನ್ನು ಅಳಿಸಿದ್ದಕ್ಕೆ ಅರ್ಧ ಗಂಟೆ ಕೊರೆದಿದ್ದೆ. ದಾಸರ ಪದಗಳಲ್ಲಂತೂ ಅಂಕಿತ ಹಾಡಿನೊಳಗೇ ಕೂತಿರುತ್ತೆ. ಓದು ಬಾರದ ನಮ್ಮಜ್ಜಿ 'ಪುರಂದರ ವಿಠಲ' ಅನ್ನದೆ ಹಾಡು ಮುಗಿಸಿದ್ದೇ ಇಲ್ಲ. ಬಿಇ ಮಾಡಿದ ಮೊಮ್ಮಗ ಬಿಟ್ಟ.

ಗೆಳೆಯನಿಂದ ನಂಬರ್ ಪಡೆದು ಬರೆದವರಿಗೇ ಮೆಸೇಜ್ ಮಾಡಿದೆ: ಕೇಳದೆ ಹಾಕಿದ್ದು ತಪ್ಪಾಯ್ತು, ತೆಗೀಲಾ? "ಇರಲಿ, ಹೆಸರು ಹಾಕಿ. ಅದರಲ್ಲಿ ಬರೋದು ನಮ್ಮಮ್ಮ" ಅಂದರು.

ಗುಂಪಲ್ಲಿ ಹೆಸರು ಹಾಕಿ, ತಪ್ಪೊಪ್ಪಿಕೊಂಡೆ. ಯಾರೂ ಕೈಮುಗಿಯಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ "ನಮ್ಮ ಹುಡುಗ ಬರೆದದ್ದು" ಅಂತ ಇನ್ನೂ ಮೂರು ಗುಂಪಿಗೆ ಕಳಿಸಿಯಾಗಿತ್ತು. ಅವುಗಳಲ್ಲಿ ನಾನಿಲ್ಲ. ಫೋನ್ ಮಾಡಿದರೆ, "ಬಿಡೋ, ಯಾರಿಗ್ ಗೊತ್ತಾಗತ್ತೆ?" ಅಂತ ನಕ್ಕರು. ನಾಳೆ ಮತ್ತೆ ಮಾಡ್ಬೇಕು.