ಅಂಗಾತ ಮಲಗುವ ವಿದ್ಯೆ

ಮಲೆನಾಡಿನಲ್ಲಿ ನೀರಿಗೆ ಬಡತನವಿಲ್ಲ. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾಯ್ದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅಣೆಕಟ್ಟಿಗೆ ಎದೆಗೊಟ್ಟು ನಿಲ್ಲುತ್ತಾಳೆ. ತೀರ್ಥಹಳ್ಳಿಯ ಮಗ್ಗುಲಲ್ಲಿ ತುಂಗೆ. ಸಾಗರದ ಪೇಟೆಯಲ್ಲಿ ಗಣಪತಿ ಕೆರೆ. ಹೊಸನಗರ ತಾಲ್ಲೂಕಿನ ನಗರದ ಬಳಿ ಕೆಳದಿಯ ಅರಸರ ಕಾಲದ ದೇವಗಂಗೆಯ ಕಲ್ಲುಕೊಳಗಳು. ಸಾಲದುದಕ್ಕೆ ಆಗುಂಬೆಯಲ್ಲಿ ವರ್ಷವೊಂದಕ್ಕೆ ಸರಾಸರಿ 7,000 ಮಿಲಿಮೀಟರನ್ನೂ ಮೀರುವ ಮಳೆ. ಇಷ್ಟೆಲ್ಲ ನೀರಿನ ನಡುವೆ ಹುಟ್ಟಿದ ಮಗುವಿಗೆ ಹಿರಿಯರು ಹೇಳುವ ಮೊದಲ ಬುದ್ಧಿಮಾತು ಯಾವುದು? "ನೀರಿನ ಕಡೆ ಹೋಗಬೇಡ!"

ಸಾಗರದ ಸಮೀಪದ ಅಡಕೆ ತೋಟದ ಮನೆಯೊಂದರಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಈ ಮಾತನ್ನು ಕೇಳುತ್ತಲೇ ಬೆಳೆದಳು. ಬೆಂಗಳೂರಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ತನ್ನ 14ನೆಯ ವಯಸ್ಸಿನಲ್ಲೇ, ಭಾರತದ ಪರವಾಗಿ ಈಜಿದಳೆಂಬ ಸಂಗತಿಯನ್ನು ಶಾಲೆಯಲ್ಲಿ ಕೇಳಿಬಂದ ದಿನದಿಂದ ಅವಳಿಗೆ ಬೇರೆ ಧ್ಯಾನವೇ ಇಲ್ಲ. ಪೇಟೆಯ ಈಜುಕೊಳದಲ್ಲಿ ಬೇಸಗೆಯ ರಜಕ್ಕೆ ಮಕ್ಕಳ ತಂಡವೊಂದನ್ನು ಕಟ್ಟುತ್ತಾರೆಂದು ತಿಳಿದು, ಗೆಳತಿಯ ಕೈಯಿಂದ ಅರ್ಜಿಯನ್ನೂ ತರಿಸಿಕೊಂಡಳು. 25 ಮೀಟರು ದೂರವನ್ನು ನಡುವೆ ನಿಲ್ಲದೆ ಈಜಿದವರಿಗೆ ಮಾತ್ರ ತಂಡದಲ್ಲಿ ಸ್ಥಾನ. ಜೊತೆಗೆ ತಾಯಿತಂದೆಯರ ರುಜು ಬೇಕು. ತಾಯಿ ಅರ್ಜಿಯನ್ನು ಎರಡು ಸಲ ಓದಿದಳು. ಮಡಿಸಿ ಸಕ್ಕರೆಯ ಡಬ್ಬಿಯ ಅಡಿಯಲ್ಲಿಟ್ಟಳು. ರುಜು ಹಾಕಲಿಲ್ಲ, ಆಗದೆಂದೂ ಹೇಳಲಿಲ್ಲ.

"ಮೊದಲು ನಾನು ಕಲಿಸುತ್ತೇನೆ. ರುಜುವಿನ ಮಾತು ಆಮೇಲೆ," ಎಂದರು ಅಜ್ಜಯ್ಯ.

"ಮಾವ, ನಿಮಗೇನೂ ಮರೆತಿಲ್ಲವಷ್ಟೆ?" ಎಂದಳು ಸೊಸೆ ಮೆಲ್ಲಗೆ.

ಅಜ್ಜಯ್ಯ ಉತ್ತರ ಕೊಡಲಿಲ್ಲ. ಅವರಿಗೆ ಏನೂ ಮರೆತಿರಲಿಲ್ಲ.

ಪಾಠದ ಆರಂಭ ಕೆರೆಯಲ್ಲಲ್ಲ, ಬಚ್ಚಲುಮನೆಯಲ್ಲಿ! ಅಗಲವಾದ ಪಾತ್ರೆಯ ತುಂಬ ನೀರು; ಅದರಲ್ಲಿ ಮುಖವನ್ನು ಮುಳುಗಿಸಿ ಬುಳುಬುಳು ಉಸಿರು ಬಿಡಬೇಕು, ತಲೆಯನ್ನು ಪಕ್ಕಕ್ಕೆ ಹೊರಳಿಸಿ ಉಸಿರು ಎಳೆದುಕೊಳ್ಳಬೇಕು. ಹುಡುಗಿಗೆ ಅವಮಾನವಾಯಿತು. ಒಲಿಂಪಿಕ್ಸಿಗೆ ಹೊರಟವಳು ಪಾತ್ರೆಯಲ್ಲಿ ಮುಖ ಅದ್ದುವುದೆಂದರೇನು? ಆದರೆ ಹೊಸಬರು ನೀರಿನಲ್ಲಿ ಬಳಲುವುದು ಕೈಕಾಲು ಸೋತಲ್ಲ, ಉಸಿರು ಕಟ್ಟಿ. ಒಳಗಿನ ಉಸಿರನ್ನು ಹೊರಗೆ ಬಿಡಲು ಮರೆತವನಿಗೆ ಹೊಸ ಉಸಿರು ಸೇದುವುದಕ್ಕೆ ಜಾಗವೇ ಇರುವುದಿಲ್ಲ. ಒಂದು ವಾರ ಬಚ್ಚಲುಮನೆಯ ಪಾಠವೇ ನಡೆಯಿತು.

ಎರಡನೆಯ ವಾರ ತೋಟದ ತಲೆಯ ಕೆರೆ. ಎದೆಮಟ್ಟದ ನೀರು. ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಿಂದ ಜೋಡಿಸಿ ಹುಡುಗಿಯ ಎದೆಯ ಕೆಳಗೆ ಕೊಟ್ಟದ್ದಾಯಿತು. ಅವಳು ಕೈಬಡಿಯಲು ಹೊರಟರೆ ಅಜ್ಜಯ್ಯ ತಡೆದರು: "ಈಜುವುದು ಆಮೇಲೆ. ಮೊದಲು ಅಂಗಾತ ಮಲಗುವುದನ್ನು ಕಲಿ." ಎದೆಯ ತುಂಬ ಉಸಿರಿದ್ದರೆ ಮನುಷ್ಯನ ದೇಹ ಸಾಮಾನ್ಯವಾಗಿ ನೀರಿಗಿಂತ ತುಸು ಹಗುರ. ಹೆದರಿ ತಲೆಯನ್ನು ಮೇಲೆತ್ತಿದೊಡನೆ ಸೊಂಟ ಕುಸಿಯುತ್ತದೆ, ಕಾಲು ಜಗ್ಗುತ್ತದೆ. ಕಿವಿಗಳನ್ನು ನೀರಿಗೊಪ್ಪಿಸಿ, ಆಕಾಶವನ್ನು ನೋಡುತ್ತ, ಸುಮ್ಮನೆ ಬಿದ್ದುಕೊಂಡವನನ್ನು ನೀರು ತಾನೇ ಹೊರುತ್ತದೆ. ಹೇಳುವುದು ಸುಲಭ, ಹತ್ತು ವರ್ಷದವಳಿಗೆ ಸುಮ್ಮನೆ ಬಿದ್ದುಕೊಳ್ಳುವುದಕ್ಕಿಂತ ಕಷ್ಟದ ಕೆಲಸ ಇನ್ನಾವುದು? ಆದರೂ ಏಪ್ರಿಲ್ ಮುಗಿಯುವಷ್ಟರಲ್ಲಿ ಒಂದು ತೆಂಗಿನಕಾಯಿ ಹೋಯಿತು, ಮತ್ತೊಂದು ಹೋಯಿತು. ಐದು ನಿಮಿಷ ಮಲಗುವುದು ಕರಗತವಾದ ಮೇಲೆಯೇ ಕಾಲಿನ ಬಡಿತ, ಕೈಯ ಬೀಸು.

ಒಂದು ದಿನ ಹುಡುಗಿ ಕೇಳಿದಳು: "ಅಜ್ಜಯ್ಯ, ಈ ಕೆರೆ ಚಿಕ್ಕದು. ಹಿನ್ನೀರಿಗೆ ಹೋಗೋಣವೇ?"

ಅಜ್ಜಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ ಕಥೆಯನ್ನು ಅವರು ಸೊಸೆಯ ಮುಂದೆ ಒಮ್ಮೆ ಮಾತ್ರ ಹೇಳಿದ್ದರು.

ಅವರ ಹುಟ್ಟೂರು ಹೊಸನಗರದ ಕಡೆಯ ಒಂದು ಹಳ್ಳಿ. ಶರಾವತಿಯ ದಡದಲ್ಲೇ ಮನೆ. ಆ ಊರಿನ ಈಜುಗಾರರಲ್ಲಿ ಅವರ ಅಣ್ಣನಿಗೆ ಸಮನಾದವರು ಯಾರೂ ಇರಲಿಲ್ಲ. 1958ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮೊದಲ ಭಾರತೀಯನೆಂದು ಮಿಹಿರ್ ಸೇನ್ ಹೆಸರಾದಾಗ, ಊರವರು ಅಣ್ಣನನ್ನು 'ನಮ್ಮ ಮಿಹಿರ ಸೇನ' ಎಂದೇ ಕರೆಯುತ್ತಿದ್ದರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಊರು ನೀರಿನಡಿಗೆ ಹೋಯಿತು. ಅಜ್ಜಯ್ಯನಿಗೆ ಆಗ ಹತ್ತು ವರ್ಷ. ಮರುವರ್ಷ ಅಣ್ಣತಮ್ಮಂದಿರು ಹಳೆಯ ಮನೆಯ ಜಾಗ ಎಲ್ಲಿದೆಯೆಂದು ನೋಡಲು ಹೋದರು. ತಮ್ಮನನ್ನು ದಡದಲ್ಲಿ ಕೂರಿಸಿ ಅಣ್ಣ ನೀರಿಗೆ ಹಾರಿದ. ಕಡಿಯದೆ ಬಿಟ್ಟಿದ್ದ ಬಿದಿರುಮೆಳೆಯೊಂದು ಅಡಿಯಲ್ಲಿ ನಿಂತಿತ್ತು. ಅವನು ಮೇಲೆ ಬರಲಿಲ್ಲ.

"ಅವನಿಗೆ ನದಿ ಗೊತ್ತಿತ್ತು ಕೂಸೇ, ಈ ನೀರು ಗೊತ್ತಿರಲಿಲ್ಲ," ಎಂದರು ಅಜ್ಜಯ್ಯ. "ಅಡಿ ಕಾಣದ ನೀರಿಗೆ ಹಾರಬಾರದು. ಯಾರಾದರೂ ಮುಳುಗುತ್ತಿದ್ದರೂ ಹಾರಬಾರದು. ಕೂಗು, ಹಗ್ಗ ಎಸೆ, ಗಳು ಚಾಚು. ಇಷ್ಟು ತಿಳಿಯದವನು ಎಷ್ಟು ಚೆನ್ನಾಗಿ ಈಜಿದರೂ ಈಜು ಬಲ್ಲವನಲ್ಲ."

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಶಾಲೆಯ ಮಕ್ಕಳಿಗೆ ಈಜನ್ನೂ ನೀರಿನ ಎಚ್ಚರವನ್ನೂ ಒಟ್ಟಿಗೆ ಕಲಿಸಬೇಕೆಂಬುದು ಅದರ ಸಲಹೆ. ಅಜ್ಜಯ್ಯ ಆ ವರದಿಯನ್ನು ಓದಿದವರಲ್ಲ. ಆದರೆ ಅದರ ಸಾರವನ್ನು ಬಾಲ್ಯದಲ್ಲೇ ಬೆಲೆ ತೆತ್ತು ಕಲಿತಿದ್ದರು.

ಮೇ ತಿಂಗಳ ಮೊದಲ ವಾರ ಹುಡುಗಿ ತೀರ್ಥಹಳ್ಳಿಯ ಸೋದರಮಾವನ ಮನೆಗೆ ಹೋದಳು. ಅಜ್ಜಯ್ಯನೂ ಬೆನ್ನಿಗೇ ಹೊರಟರು. ಬೇಸಗೆಯ ತುಂಗೆ ಬಂಡೆಗಳ ನಡುವೆ ಸಣಕಲಾಗಿ ಹರಿಯುತ್ತಿದ್ದಳು. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಜನ ಕಿಕ್ಕಿರಿದು ಮೀಯುವ ರಾಮತೀರ್ಥದಿಂದ ದೂರದಲ್ಲಿ, ಮರಳಿನ ದಂಡೆಯ ಬಳಿ, ಸೊಂಟಕ್ಕೆ ಹಗ್ಗ ಕಟ್ಟಿ ಹರಿವ ನೀರಿನ ಪಾಠ ನಡೆಯಿತು. ಸೆಳವಿಗೆ ಎದುರಾಗಿ ಸೆಣಸಬಾರದು. ಅದರ ಜೊತೆಗೇ ಸಾಗುತ್ತ ಓರೆಯಾಗಿ ದಡ ಸೇರಬೇಕು. ಬಂಡೆ ಕಾಣುವಂತೆ ತಲೆಯನ್ನು ಸದಾ ಮೇಲಿಡಬೇಕು. ಹುಡುಗಿ ಈ ಪಾಠವನ್ನೂ ಒಪ್ಪಿಸಿದಳು.

ಪೇಟೆಯ ಕೊಳಕ್ಕೆ ಬಂದಾಗಲೇ ತೊಡಕು. ಅಲ್ಲಿಯ ತರಬೇತುದಾರಳು ಇಪ್ಪತ್ತೈದರ ತರುಣಿ. ಹುಡುಗಿಯನ್ನು ಒಂದು ಸಲ ಈಜಿಸಿ ನೋಡಿ ನಕ್ಕಳು: "ಯಜಮಾನರೇ, ಇವಳ ತಲೆ ನೀರಿನ ಮೇಲೇ ಇದೆಯಲ್ಲ! ಇದರಿಂದ ವೇಗ ಬಾರದು."

"ತುಂಗೆಯಲ್ಲಿ ತಲೆ ತಗ್ಗಿಸಿದರೆ ಬಂಡೆಗೆ ಹಣೆ ಒಡೆದೀತು ತಾಯಿ," ಎಂದರು ಅಜ್ಜಯ್ಯ, ಕೊಂಚ ಬಿರುಸಾಗಿಯೇ.

"ಇಲ್ಲಿ ಬಂಡೆಯಿಲ್ಲ, ಅಜ್ಜ. ತಳದಲ್ಲಿ ಕಪ್ಪು ಗೆರೆಯಿದೆ. ಅದನ್ನು ನೋಡುತ್ತ ಹೋದರೆ ದಾರಿ ತಪ್ಪುವುದಿಲ್ಲ."

ಅಜ್ಜಯ್ಯ ಬಗ್ಗಿ ನೋಡಿದರು. ನೀರು ತಿಳಿಯಾಗಿತ್ತು. ಅಡಿ ಕಾಣುತ್ತಿತ್ತು. ಅವರ ಬಿರುಸು ಇಳಿಯಿತು. "ಹಾಗಾದರೆ ತಗ್ಗಿಸು ಕೂಸೇ," ಎಂದರು.

ಮುಂದಿನ ವಾರವೆಲ್ಲ ಹೊಸ ಪಾಠ: ಗೋಡೆಯನ್ನು ಒದ್ದು ತೋಳುಗಳನ್ನು ಕಿವಿಗಳ ಮೇಲೆ ಚಾಚಿ ಬಾಣದಂತೆ ಸಾಗುವುದು, ಒಂದು ಕಿವಿ ನೀರಿನಲ್ಲಿರುವಂತೆಯೇ ಹೊರಳಿ ಉಸಿರು ಎಳೆಯುವುದು, ಕಪ್ಪೆಯೀಜಿನಲ್ಲಿ ಎರಡು ಕೈಗಳಿಂದಲೂ ಒಟ್ಟಿಗೆ ಗೋಡೆ ಮುಟ್ಟುವುದು, ಒಂದೇ ಕೈ ಮುಟ್ಟಿದರೆ ಸ್ಪರ್ಧೆಯಿಂದ ಹೊರಗೆ. ಬಚ್ಚಲುಮನೆಯ ಪಾತ್ರೆ ಈಗ ಪ್ರಯೋಜನಕ್ಕೆ ಬಂದಿತು.

ಆಯ್ಕೆಯ ದಿನ ತಾಯಿಯೂ ಬಂದಿದ್ದಳು. ಅರ್ಜಿ ಚೀಲದಲ್ಲಿತ್ತು, ರುಜುವಿಲ್ಲದೆ. ಸಿಳ್ಳೆಯಾಯಿತು. ಆರು ಮಕ್ಕಳು ಗೋಡೆ ಒದ್ದು ಹೊರಟರು. ಹತ್ತು ಮೀಟರಿನವರೆಗೆ ಹುಡುಗಿ ಮುಂದಿದ್ದಳು. ಆತುರಕ್ಕೆ ಉಸಿರು ತಪ್ಪಿತು, ನೀರು ಗಂಟಲಿಗೆ ಹೋಯಿತು, ಕೈಗಳು ಬಡಿದುಕೊಂಡವು. ತಾಯಿ ಎದ್ದುನಿಂತಳು. ತರಬೇತುದಾರಳು ಗಳುವನ್ನು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಹುಡುಗಿ ಹೊರಳಿದಳು, ಅಂಗಾತ ಮಲಗಿದಳು. ಕೆಮ್ಮಿದಳು, ಆಕಾಶವನ್ನು ನೋಡಿದಳು, ನಾಲ್ಕು ಉಸಿರು ತೆಗೆದುಕೊಂಡಳು. ಮತ್ತೆ ಮಗುಚಿಕೊಂಡು, ಕಪ್ಪು ಗೆರೆಯನ್ನು ಹಿಡಿದು, ಎಲ್ಲರಿಗಿಂತ ಕೊನೆಯವಳಾಗಿ ಗೋಡೆ ಮುಟ್ಟಿದಳು.

ನಿಯಮ ನಿಯಮವೇ; ನಡುವೆ ನಿಂತದ್ದರಿಂದ ಆ ದಿನ ಅವಳ ಹೆಸರು ಪಟ್ಟಿಗೆ ಸೇರಲಿಲ್ಲ. ಬರುವ ಭಾನುವಾರ ಇನ್ನೊಂದು ಅವಕಾಶವಿದೆ ಎಂದಳು ತರಬೇತುದಾರಳು. ಹುಡುಗಿ ಅಳುತ್ತ ಬಂದು ಅಜ್ಜಯ್ಯನ ಮುಂದೆ ನಿಂತಳು. ಅವರು ಟವಲಿನಿಂದ ಅವಳ ತಲೆಯನ್ನು ಒರೆಸುತ್ತಲೇ ಇದ್ದರು. ಒಣಗಿದ ಮೇಲೂ ಒರೆಸಿದರು.

"ಅಜ್ಜಯ್ಯ, ನಾನು ಸೋತೆ."

"ಅವರ ಪರೀಕ್ಷೆ ಭಾನುವಾರಕ್ಕಿದೆ. ನನ್ನದು ಇವತ್ತೇ ಮುಗಿಯಿತು," ಎಂದರು ಅಜ್ಜಯ್ಯ.

ತಾಯಿ ಏನೂ ಹೇಳಲಿಲ್ಲ. ಚೀಲದಿಂದ ಅರ್ಜಿಯನ್ನು ತೆಗೆದಳು. ಮಡಿಕೆಯನ್ನು ಅಂಗೈಯಿಂದ ಸವರಿದಳು. ಪೆನ್ನಿಗಾಗಿ ತರಬೇತುದಾರಳ ಕಡೆ ಕೈಚಾಚಿದಳು.